ಕ್ರೋಶಾ ನಾಯಿಮರಿ ಮತ್ತು ಸಮಾಂತರ ಶ್ರೇಢಿ

ಬೋಧನಾಭ್ಯಾಸದ ಎರಡನೆಯ ವಾರ ಹತ್ತನೆಯ ತರಗತಿಗೆ ಸಮಾಂತರ ಶ್ರೇಢಿಯ ಪಾಠ ಮಾಡಬೇಕಿತ್ತು. ಪಾಠೋಪಕರಣವಾಗಿ ನಾನೇ ಹೆಣೆದ ಒಂದು ಪುಟ್ಟ ನಾಯಿಮರಿಯ ಗೊಂಬೆಯನ್ನು ತೆಗೆದುಕೊಂಡು ಹೋಗಿದ್ದೆ. ಕಂದು ಉಲ್ಲನ್ನಿನದು, ಅಂಗೈ ಮೇಲೆ ಕೂರುವಷ್ಟು ಗಾತ್ರದ್ದು. ಮೇಜಿನ ಮೇಲಿಟ್ಟ ಕೂಡಲೇ ಹಿಂದಿನ ಬೆಂಚಿನವರೆಲ್ಲ ಎದ್ದು ನಿಂತರು. "ನೀವೇ ಮಾಡಿದ್ದಾ ಸರ್?" "ಹೆಸರೇನಿಟ್ಟಿದ್ದೀರಿ ಸರ್?" "ಒಂದ್ಸಲ ಮುಟ್ಟಿ ಕೊಡ್ತೀವಿ ಸರ್." ಪಾಠ ಯೋಜನೆಯಲ್ಲಿ ಪ್ರೇರಣಾ ಹಂತಕ್ಕೆ ಐದು ನಿಮಿಷ ಬರೆದಿದ್ದೆ. ಐದು ನಿಮಿಷವಾದ ಮೇಲೆ, "ಈ ಗೊಂಬೆಯನ್ನು ಒಂದು ನಿಯಮದ ಪ್ರಕಾರ ಹೆಣೆಯಲಾಗಿದೆ, ಆ ನಿಯಮವೇ ಇಂದಿನ ಪಾಠ" ಎಂದು ಹೇಳಿ, ಗೊಂಬೆಯನ್ನು ಬ್ಯಾಗಿಗೆ ಸೇರಿಸಿ ಕಪ್ಪುಹಲಗೆಯ ಕಡೆ ತಿರುಗಿದೆ.

ಅವಧಿಯ ಕೊನೆಯಲ್ಲಿ ಎರಡು ಪ್ರಶ್ನೆ ಕೊಟ್ಟೆ. 30, 24, 18, 12 ಈ ಶ್ರೇಢಿಯ ಸಾಮಾನ್ಯ ವ್ಯತ್ಯಾಸ ಎಷ್ಟು? 5, 5, 5, 5 ಸಮಾಂತರ ಶ್ರೇಢಿಯೇ? ಮೊದಲನೆಯದಕ್ಕೆ ಹೆಚ್ಚಿನ ಮಕ್ಕಳು 6 ಎಂದು ಬರೆದರು. ಎರಡನೆಯದಕ್ಕೆ "ಅಲ್ಲ, ಏಕೆಂದರೆ ಸಂಖ್ಯೆ ಬದಲಾಗುತ್ತಿಲ್ಲ" ಎಂದು ಬರೆದರು. ಅಂದು ನನ್ನ ಪಾಠ ವೀಕ್ಷಿಸಿದ ಮಾರ್ಗದರ್ಶಕ ಶಿಕ್ಷಕರ ಟಿಪ್ಪಣಿಯಲ್ಲಿ ಎರಡೇ ವಾಕ್ಯಗಳಿದ್ದವು: "ಪಾಠೋಪಕರಣ ಆಕರ್ಷಕವಾಗಿದೆ. ಅದರಿಂದ ಮಕ್ಕಳು ಏನು ಕಲಿತರು?"

ಅದೇ ಪಾಠವನ್ನು ಮತ್ತೊಮ್ಮೆ ಮಾಡಲು ಅವರು ಒಂದು ಅವಧಿ ಬಿಟ್ಟುಕೊಟ್ಟರು. ಆ ನಡುವಿನ ನಾಲ್ಕು ದಿನಗಳಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಗೊಂಬೆಯಲ್ಲಿ ಗಣಿತ ಇತ್ತು, ಆದರೆ ಅದನ್ನು ನಾನು ಹೆಣೆದು ಮುಗಿಸಿ, ಹತ್ತಿ ತುಂಬಿ, ಬಾಯಿ ಹೊಲಿದುಬಿಟ್ಟಿದ್ದೆ. ಮುಗಿದ ಗೊಂಬೆ ಮಕ್ಕಳಿಗೆ ಗೊಂಬೆಯಾಗಿ ಮಾತ್ರ ಕಾಣುತ್ತದೆ. ಗಣಿತ ಕಾಣಬೇಕಾದರೆ ಅದು ಅರ್ಧದಲ್ಲಿರಬೇಕು, ಕೈಯಲ್ಲಿ ಎಣಿಸುವಂತಿರಬೇಕು, ಬಿಚ್ಚುವಂತಿರಬೇಕು. ಈ ಲೇಖನದಲ್ಲಿ ಮೊದಲು ನಾಯಿಮರಿಯನ್ನು ಹೆಣೆಯುವ ಕ್ರಮವನ್ನು ವಿವರಿಸಿ, ನಂತರ ಅದನ್ನು ಎರಡನೆಯ ಪಾಠದಲ್ಲಿ ಹೇಗೆ ಬಳಸಿದೆ ಎಂಬುದನ್ನು ಹೇಳುತ್ತೇನೆ.

ಕಲೆಯ ಪರಿಚಯ

ಕ್ರೋಶಾ ನಮಗೆ ಹೊಸದಲ್ಲ. ಬಾಗಿಲಿನ ತೋರಣ, ಟೀವಿಯ ಮೇಲಿನ ಹೊದಿಕೆ, ಮಗುವಿನ ಕುಲಾವಿ ಇವೆಲ್ಲ ನಮ್ಮ ಮನೆಗಳಲ್ಲಿ ಕ್ರೋಶಾ ಕಡ್ಡಿಯಿಂದ ಆದವೇ. ಈಗ ಸೀರೆಯ ಸೆರಗಿಗೆ ಹಾಕುವ ಕ್ರೋಶಾ ಕುಚ್ಚು ಊರೂರಲ್ಲೂ ಹೆಣ್ಣುಮಕ್ಕಳ ಮನೆಗೆಲಸದ ನಡುವಿನ ಸಂಪಾದನೆಯಾಗಿದೆ. ನನಗೆ ಕಡ್ಡಿ ಹಿಡಿಯಲು ಕಲಿಸಿದವರೂ ಕುಚ್ಚು ಹಾಕುವ ನಮ್ಮ ಅತ್ತಿಗೆ.

ಎರಡು ಕಡ್ಡಿಗಳಿಂದ ಸ್ವೆಟರ್ ಹೆಣೆಯುವಾಗ ಒಂದು ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ಬಾಯ್ದೆರೆದೇ ಇರುತ್ತವೆ. ಕಡ್ಡಿ ಜಾರಿದರೆ ಸಾಲುಸಾಲೇ ಕೆಡುತ್ತದೆ. ಕ್ರೋಶಾದಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿ. ಒಂದು ಸ್ಟಿಚ್ ಮುಗಿದ ಮೇಲೆಯೇ ಮುಂದಿನದು. ಯಾವ ಹೊತ್ತಿಗೂ ತೆರೆದಿರುವುದು ಒಂದೇ ಕುಣಿಕೆ. ಆದ್ದರಿಂದ ತಪ್ಪಾದರೆ ದಾರ ಎಳೆದು, ಬೇಕಾದಷ್ಟೇ ಬಿಚ್ಚಿ, ಅಲ್ಲಿಂದ ಮುಂದುವರಿಸಬಹುದು. ತರಗತಿಗೆ ಕ್ರೋಶಾ ಒಗ್ಗುವುದು ಈ ಗುಣದಿಂದ.

ಕ್ರೋಶಾದಿಂದ ಹೆಣೆದು ಒಳಗೆ ತುಂಬಿ ಮಾಡುವ ಪುಟ್ಟ ಗೊಂಬೆಗಳಿಗೆ ಜಪಾನೀ ಭಾಷೆಯಲ್ಲಿ ಅಮಿಗುರುಮಿ ಎಂದು ಹೆಸರು. ಹೆಣೆಯುವುದು ಎಂಬರ್ಥದ 'ಅಮಿ', ತುಂಬಿದ ಗೊಂಬೆ ಎಂಬರ್ಥದ 'ನುಯಿಗುರುಮಿ' ಇವೆರಡೂ ಸೇರಿ ಆದ ಪದ ಅದು. ಇಂಥ ಗೊಂಬೆಗಳನ್ನು ಸಾಮಾನ್ಯವಾಗಿ ಸಾಲುಸಾಲಾಗಿ ಹೆಣೆಯುವುದಿಲ್ಲ, ನಡುವಿನ ಒಂದು ಬಿಂದುವಿನಿಂದ ಹೊರಟು ಸುತ್ತುಸುತ್ತಾಗಿ ಹೆಣೆಯುತ್ತಾರೆ.

ಬೇಕಾದ ವಸ್ತುಗಳು

ಸ್ವಲ್ಪ ದಪ್ಪನೆಯ ಉಲ್ಲನ್ ದಾರ ಎರಡು ಬಣ್ಣದ್ದು (ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದು ಬಹುಪಾಲು ಅಕ್ರಿಲಿಕ್, ಗೊಂಬೆಗೆ ಅದೇ ಸಾಕು), 3 ಮಿಲಿಮೀಟರಿನ ಕ್ರೋಶಾ ಕಡ್ಡಿ, ತುಂಬಲು ಹಳೆಯ ದಿಂಬಿನ ಫೈಬರ್, ದಪ್ಪ ಕಣ್ಣಿನ ಸೂಜಿ, ಕತ್ತರಿ, ಒಂದು ಪಿನ್ನು, ಕಣ್ಣು ಮೂಗಿಗೆ ಕಪ್ಪು ದಾರ. ಹತ್ತಿ ತುಂಬಿದರೂ ಆಗುತ್ತದೆ, ಆದರೆ ಒಗೆದ ಮೇಲೆ ಗಂಟುಗಂಟಾಗುತ್ತದೆ. ನನ್ನ ಮೊದಲ ಗೊಂಬೆಗೆ ಹತ್ತಿಯನ್ನೇ ತುಂಬಿದ್ದೆ. ಬಟ್ಟೆಗೆ ಹೆಣೆಯುವುದಕ್ಕಿಂತ ಬಿಗಿಯಾಗಿ ಹೆಣೆಯಬೇಕು, ಇಲ್ಲದಿದ್ದರೆ ಸಂದಿಯಿಂದ ಒಳಗಿನದು ಇಣುಕುತ್ತದೆ.

ತಿಳಿದಿರಬೇಕಾದ ನಾಲ್ಕು ಕೆಲಸಗಳು

1. ಸರಪಳಿ: ಕಡ್ಡಿಯ ಮೇಲಿನ ಕುಣಿಕೆಯ ಒಳಗಿಂದ ದಾರವನ್ನು ಕೊಕ್ಕೆಗೆ ಸಿಕ್ಕಿಸಿ ಎಳೆಯುವುದು.

2. ಸಿಂಗಲ್ ಕ್ರೋಶಾ: ಕೆಳಗಿನ ಸ್ಟಿಚ್‌ನ ತಲೆಯ ಎರಡೂ ಎಳೆಗಳ ಅಡಿಯಲ್ಲಿ ಕಡ್ಡಿ ತೂರಿಸಿ ದಾರ ಎಳೆದುಕೊಂಡರೆ ಕಡ್ಡಿಯ ಮೇಲೆ ಎರಡು ಕುಣಿಕೆಗಳಾಗುತ್ತವೆ. ಮತ್ತೆ ದಾರ ಸಿಕ್ಕಿಸಿ ಎರಡರ ಒಳಗಿಂದಲೂ ಎಳೆದರೆ ಒಂದು ಸ್ಟಿಚ್ ಮುಗಿಯಿತು. ಮೇಲಿನಿಂದ ನೋಡಿದರೆ ಮುಗಿದ ಸ್ಟಿಚ್‌ಗಳು ಹೆಣೆದ ಜಡೆಯಂತೆ ಕಾಣುತ್ತವೆ. ಜಡೆಯ ಒಂದು ಮಡಿಕೆ ಒಂದು ಸ್ಟಿಚ್. ಎಣಿಸುವುದು ಹೀಗೆಯೇ.

3. ಏರಿಕೆ: ಒಂದೇ ಸ್ಟಿಚ್‌ನ ಒಳಗೆ ಎರಡು ಸಿಂಗಲ್ ಕ್ರೋಶಾ. ಒಂದಿದ್ದದ್ದು ಎರಡಾಗುತ್ತದೆ.

4. ಇಳಿಕೆ: ಪಕ್ಕಪಕ್ಕದ ಎರಡು ಸ್ಟಿಚ್‌ಗಳಿಂದ ಒಂದೊಂದು ಕುಣಿಕೆ ಎಳೆದುಕೊಂಡು, ಕಡ್ಡಿಯ ಮೇಲಿನ ಮೂರೂ ಕುಣಿಕೆಗಳ ಒಳಗಿಂದ ಒಮ್ಮೆಲೇ ದಾರ ಎಳೆಯುವುದು. ಎರಡಿದ್ದದ್ದು ಒಂದಾಗುತ್ತದೆ.

ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದ ಪದ್ಧತಿಯಲ್ಲಿ ಸಿಂಗಲ್ ಕ್ರೋಶಾ ಎನ್ನುವುದನ್ನೇ ಬ್ರಿಟಿಷ್ ಪದ್ಧತಿಯಲ್ಲಿ ಡಬಲ್ ಕ್ರೋಶಾ ಎನ್ನುತ್ತಾರೆ. ಅಮೆರಿಕದ ಡಬಲ್ ಕ್ರೋಶಾ ಬೇರೆಯೇ, ಅದು ಎತ್ತರದ ಸ್ಟಿಚ್. ನಾನು ಬ್ರಿಟಿಷ್ ಪದ್ಧತಿಯ ಮಾದರಿಯೊಂದನ್ನು ಅಮೆರಿಕದ ಅರ್ಥದಲ್ಲಿ ಓದಿಕೊಂಡು ಹೆಣೆದೆ. ಚಪ್ಪಟೆಯಾಗಬೇಕಾದ ಬಿಲ್ಲೆ ಬಟ್ಟಲಾಯಿತು. ಕಾರಣ ಮುಂದೆ ಹೇಳುತ್ತೇನೆ. ತರಗತಿಯಲ್ಲಿಯೂ ಇದೇ ಆಗಿತ್ತು. "ಶ್ರೇಢಿಯ ಮೂರನೆಯ ಪದ ಯಾವುದು?" ಎಂದು ಕೇಳಿದಾಗ ಒಬ್ಬ ಹುಡುಗ, "ಇದರಲ್ಲಿ ಪದ ಎಲ್ಲಿದೆ ಸರ್, ಬರೀ ಸಂಖ್ಯೆ ಇದಾವಲ್ಲ" ಎಂದಿದ್ದ. ಅವನಿಗೆ ಪದ ಎಂದರೆ ಕನ್ನಡ ಅವಧಿಯ ಪದ. ನಾನು ನಕ್ಕು ಮುಂದೆ ಹೋಗಿದ್ದೆ. ಬಟ್ಟಲಾದ ಬಿಲ್ಲೆಯನ್ನು ಬಿಚ್ಚುತ್ತ ಕುಳಿತಾಗ ಅವನ ಪ್ರಶ್ನೆ ಸರಿಯಾಗಿತ್ತು ಎನಿಸಿತು.

ತಲೆ ಹೆಣೆಯುವ ಕ್ರಮ

ಎರಡು ಸರಪಳಿ ಹಾಕಿ, ಮೊದಲು ಹಾಕಿದ ಸರಪಳಿಯೊಳಗೇ 6 ಸಿಂಗಲ್ ಕ್ರೋಶಾ ಹೆಣೆಯಿರಿ. ಇದು ಮೊದಲ ಸುತ್ತು. ಸುತ್ತಿನ ಮೊದಲ ಸ್ಟಿಚ್‌ಗೆ ಪಿನ್ನು ಸಿಕ್ಕಿಸಿ. ಪ್ರತಿ ಸುತ್ತಿಗೂ ಪಿನ್ನನ್ನು ಮೇಲಕ್ಕೆ ಬದಲಿಸುತ್ತಿರಬೇಕು, ಏಕೆಂದರೆ ಈ ಹೆಣಿಗೆ ಸುರುಳಿಯಂತೆ ಏರುತ್ತದೆ, ಸುತ್ತು ಎಲ್ಲಿ ಮುಗಿಯಿತೆಂದು ಕಣ್ಣಿಗೆ ತಿಳಿಯುವುದಿಲ್ಲ.

ಸುತ್ತು 1: 6 ಸ್ಟಿಚ್
ಸುತ್ತು 2: ಪ್ರತಿಯೊಂದರಲ್ಲೂ ಏರಿಕೆ (12)
ಸುತ್ತು 3: 1 ಸಾದಾ, 1 ಏರಿಕೆ, ಹೀಗೆ 6 ಸಲ (18)
ಸುತ್ತು 4: 2 ಸಾದಾ, 1 ಏರಿಕೆ, 6 ಸಲ (24)
ಸುತ್ತು 5: 3 ಸಾದಾ, 1 ಏರಿಕೆ, 6 ಸಲ (30)
ಸುತ್ತು 6ರಿಂದ 10: ಎಲ್ಲವೂ ಸಾದಾ (ಪ್ರತಿ ಸುತ್ತು 30)
ಸುತ್ತು 11: 3 ಸಾದಾ, 1 ಇಳಿಕೆ, 6 ಸಲ (24)
ಸುತ್ತು 12: 2 ಸಾದಾ, 1 ಇಳಿಕೆ, 6 ಸಲ (18)
ಇಲ್ಲಿ ಫೈಬರ್ ತುಂಬಿ.
ಸುತ್ತು 13: 1 ಸಾದಾ, 1 ಇಳಿಕೆ, 6 ಸಲ (12)
ಸುತ್ತು 14: 6 ಇಳಿಕೆ (6). ದಾರ ಕತ್ತರಿಸಿ, ಸೂಜಿಯಿಂದ ಉಳಿದ ತೂತನ್ನು ಬಿಗಿದು ಮುಚ್ಚಿ.

ಆವರಣದಲ್ಲಿರುವ ಸಂಖ್ಯೆಗಳನ್ನಷ್ಟೇ ಓದಿ ನೋಡಿ. 6, 12, 18, 24, 30 ಎಂಬಲ್ಲಿ ಸಾಮಾನ್ಯ ವ್ಯತ್ಯಾಸ 6. 30, 30, 30, 30, 30 ಎಂಬಲ್ಲಿ ಸೊನ್ನೆ. 24, 18, 12, 6 ಎಂಬಲ್ಲಿ ಋಣ 6. ಮೊದಲ ಪಾಠದಲ್ಲಿ ಮಕ್ಕಳು ಎಡವಿದ ಎರಡು ಪ್ರಶ್ನೆಗಳ ಉತ್ತರವೂ ನಾಯಿಮರಿಯ ತಲೆಯಲ್ಲಿಯೇ ಇತ್ತು. ವ್ಯತ್ಯಾಸ ಧನವಾಗಿದ್ದರೆ ಹೆಣಿಗೆ ಹರಡುತ್ತದೆ, ಸೊನ್ನೆಯಾದರೆ ನೇರ ಗೋಡೆಯಾಗಿ ಏಳುತ್ತದೆ, ಋಣವಾದರೆ ಬಾಯಿ ಕೂಡಿಕೊಳ್ಳುತ್ತದೆ. ಚಿಹ್ನೆ ಬದಲಾದರೆ ಆಕಾರವೇ ಬದಲಾಗುತ್ತದೆ.

ಮೊತ್ತವನ್ನೂ ನೋಡಬಹುದು. ಮೊದಲ ಭಾಗ 90, ನಡುವಿನದು 150, ಕೊನೆಯದು 60. ತಲೆಗೆ ಒಟ್ಟು 300 ಸ್ಟಿಚ್. ಶ್ರೇಢಿಯ ಮೊತ್ತದ ಸೂತ್ರದಿಂದಲೂ ಅಷ್ಟೇ ಬರುತ್ತದೆ: 5 ಪದಗಳು, ಮೊದಲನೆಯದು 6, ಕೊನೆಯದು 30, ಸರಾಸರಿ 18, ಐದರಿಂದ ಗುಣಿಸಿದರೆ 90.

ಗೋಳದ ಮೇಲ್ಮೈ ವಿಸ್ತೀರ್ಣ ಕಲಿತ ಮಕ್ಕಳಿಗೆ ಇನ್ನೊಂದು ಲೆಕ್ಕ ಕೊಡಬಹುದು. ಒಂದು ಸ್ಟಿಚ್‌ನ ಅಗಲ ಮತ್ತು ಎತ್ತರ ಸುಮಾರು ಸಮ ಎಂದುಕೊಂಡರೆ, ಸ್ಟಿಚ್‌ಗಳ ಸಂಖ್ಯೆಯೇ ವಿಸ್ತೀರ್ಣ. ಸುತ್ತಳತೆ 30 ಇರುವ ಗೋಳದ ತ್ರಿಜ್ಯ ಸುಮಾರು 4.77, ಮೇಲ್ಮೈ ವಿಸ್ತೀರ್ಣ ಸುಮಾರು 286. ನಮ್ಮದು 300. ಈ ವ್ಯತ್ಯಾಸ ಏಕೆ? ನಾವು ಹೆಣೆದದ್ದು ನಿಜಕ್ಕೂ ಗೋಳವಲ್ಲ. ಚಪ್ಪಟೆ ತಳ, ನೇರ ಗೋಡೆ, ಚಪ್ಪಟೆ ಮುಚ್ಚಳ ಇರುವ ಡಬ್ಬಿ. ಫೈಬರ್ ತುಂಬಿ ಒತ್ತಿದಾಗ ಡಬ್ಬಿ ಉಬ್ಬಿ ಚೆಂಡಾಗುತ್ತದೆ.

ಆರೇ ಏಕೆ?

ಪ್ರತಿ ಸುತ್ತಿಗೂ ಐದೋ ಏಳೋ ಏರಿಸದೆ ಆರನ್ನೇ ಏಕೆ ಏರಿಸುತ್ತಾರೆ ಎಂದು ಅತ್ತಿಗೆಯನ್ನು ಕೇಳಿದೆ. "ಆರು ಹಾಕಿದ್ರೆ ಮಟ್ಟಸ ಕೂರುತ್ತೆ. ಕಮ್ಮಿ ಹಾಕಿದ್ರೆ ದೊನ್ನೆ ಆಗುತ್ತೆ, ಜಾಸ್ತಿ ಹಾಕಿದ್ರೆ ಫ್ರಿಲ್ಲು ಬರುತ್ತೆ" ಎಂದರು. ಅನುಭವದಿಂದ ಬಂದ ಈ ಉತ್ತರಕ್ಕೆ ಗಣಿತದ ಕಾರಣವಿದೆ. ಒಂದು ಸುತ್ತು ಮುಗಿದಾಗ ಬಿಲ್ಲೆಯ ತ್ರಿಜ್ಯ ಒಂದು ಸ್ಟಿಚ್‌ನ ಎತ್ತರದಷ್ಟು ಹೆಚ್ಚುತ್ತದೆ. ತ್ರಿಜ್ಯ 1 ಹೆಚ್ಚಿದರೆ ಸುತ್ತಳತೆ 2 ಪೈ, ಅಂದರೆ ಸುಮಾರು 6.28 ಹೆಚ್ಚಬೇಕು. ಎಷ್ಟನೆಯ ಸುತ್ತೇ ಆಗಿರಲಿ, ಹೆಚ್ಚಬೇಕಾದದ್ದು ಅಷ್ಟೇ. ಅದಕ್ಕೆ ಹತ್ತಿರದ ಪೂರ್ಣಸಂಖ್ಯೆ 6. ಉಳಿದ ಚೂರನ್ನು ಉಲ್ಲನ್ನಿನ ಎಳೆತ ಸರಿದೂಗಿಸುತ್ತದೆ. ಎತ್ತರದ ಸ್ಟಿಚ್ ಹಾಕಿದರೆ ತ್ರಿಜ್ಯ ಬೇಗ ಬೆಳೆಯುತ್ತದೆ, ಆಗ ಆರು ಸಾಲದು. ಅಮೆರಿಕದ ಡಬಲ್ ಕ್ರೋಶಾಕ್ಕೆ ಸಾಮಾನ್ಯವಾಗಿ 12 ಏರಿಸುತ್ತಾರೆ. ನನ್ನ ಬಿಲ್ಲೆ ಬಟ್ಟಲಾದದ್ದು ಇದರಿಂದಲೇ.

ಇದನ್ನು ಪರೀಕ್ಷಿಸಲು ಐದೈದು ಸುತ್ತಿನ ಮೂರು ಬಿಲ್ಲೆ ಹೆಣೆದೆ. ಮೊದಲನೆಯದರಲ್ಲಿ ಪ್ರತಿ ಸುತ್ತಿಗೆ 4 ಏರಿಕೆ: 4, 8, 12, 16, 20. ಎರಡನೆಯದರಲ್ಲಿ 6. ಮೂರನೆಯದರಲ್ಲಿ 9: 9, 18, 27, 36, 45. ಅತ್ತಿಗೆ ಹೇಳಿದಂತೆಯೇ ಮೊದಲನೆಯದು ದೊನ್ನೆಯಾಯಿತು, ಎರಡನೆಯದು ಮಟ್ಟಸ ಕೂತಿತು, ಮೂರನೆಯದು ಕೋಳಿಜುಟ್ಟಿನ ಹೂವಿನಂತೆ ನೆರಿಗೆಗಟ್ಟಿತು. ಎರಡನೆಯ ಪಾಠಕ್ಕೆ ನಾನು ಒಯ್ದ ಪಾಠೋಪಕರಣ ಈ ಮೂರು ಬಿಲ್ಲೆ ಮತ್ತು ಹತ್ತನೆಯ ಸುತ್ತಿಗೆ ನಿಲ್ಲಿಸಿದ ಒಂದು ತಲೆ.

ಉಳಿದ ಭಾಗಗಳು

ಮೈ: ತಲೆಯಂತೆಯೇ 6, 12, 18, 24. ನಂತರ 24ರ ನಾಲ್ಕು ಸುತ್ತು. 2 ಸಾದಾ 1 ಇಳಿಕೆಯಿಂದ 18ಕ್ಕೆ ಇಳಿಸಿ, 18ರ ಇನ್ನೆರಡು ಸುತ್ತು. ಫೈಬರ್ ತುಂಬಿ ಬಾಯಿ ತೆರೆದೇ ಬಿಡಿ, ಅಲ್ಲಿ ತಲೆ ಕೂರುತ್ತದೆ. ಒಟ್ಟು 210 ಸ್ಟಿಚ್.

ಕಾಲು (ನಾಲ್ಕು): 6, 12, 12. ನಂತರ 2 ಸಾದಾ 1 ಇಳಿಕೆ ಮೂರು ಸಲ ಹೆಣೆದು 9ಕ್ಕೆ ಇಳಿಸಿ, 9ರ ಇನ್ನು ಮೂರು ಸುತ್ತು. ಒಂದಕ್ಕೆ 66, ನಾಲ್ಕಕ್ಕೆ 264.

ಕಿವಿ (ಎರಡು): 6. ನಂತರ 1 ಸಾದಾ 1 ಏರಿಕೆ ಮೂರು ಸಲ, 9. ಆಮೇಲೆ 9ರ ನಾಲ್ಕು ಸುತ್ತು. ಏನನ್ನೂ ತುಂಬದೆ ಚಪ್ಪಟೆ ಮಾಡಿ. ಎರಡಕ್ಕೆ 102.

ಮೂತಿ (ತಿಳಿ ಬಣ್ಣ): 6, 12, 18, 18. ಒಟ್ಟು 54.

ಬಾಲ: 6ರ ಐದು ಸುತ್ತು, 30.

ಎಲ್ಲ ಸೇರಿದರೆ ನಾಯಿಮರಿಗೆ 960 ಸ್ಟಿಚ್. ಜೋಡಿಸುವಾಗ ಮೊದಲು ಮೂತಿಯನ್ನು ತಲೆಗೆ, ಆಮೇಲೆ ತಲೆಯನ್ನು ಮೈಗೆ, ಕಿವಿ, ಕಾಲು, ಕೊನೆಗೆ ಬಾಲ ಹೊಲಿಯಿರಿ. ಹೊಲಿಯುವ ಮುಂಚೆ ಎಲ್ಲವನ್ನೂ ಗುಂಡುಪಿನ್ನಿನಿಂದ ನಿಲ್ಲಿಸಿ ದೂರದಿಂದ ಒಮ್ಮೆ ನೋಡುವುದು ಒಳ್ಳೆಯದು. ಹೊಲಿದು ಮುಗಿದ ಮೇಲೆ ಪಿನ್ನುಗಳನ್ನು ಎಣಿಸಿ ತೆಗೆಯಿರಿ. ಕಿವಿ ಅರ್ಧ ಬೆರಳು ಮೇಲೆ ಹೋದರೆ ನಾಯಿ ಬೆಕ್ಕಾಗುತ್ತದೆ. ಚಿಕ್ಕ ಮಕ್ಕಳ ಕೈಗೆ ಹೋಗುವ ಗೊಂಬೆಯಾದರೆ ಕಣ್ಣಿಗೆ ಮಣಿ, ಗುಂಡಿ ಬೇಡ. ಅವು ಕಿತ್ತು ಬಂದು ಬಾಯಿಗೆ ಹೋಗಬಹುದು. ಕಪ್ಪು ದಾರದಿಂದ ಕಸೂತಿ ಹಾಕಿದರೆ ಸಾಕು.

29ರ ತಲೆ

ನನ್ನ ಮೊದಲ ತಲೆಯ ಐದನೆಯ ಸುತ್ತಿನಲ್ಲಿ 29 ಸ್ಟಿಚ್ ಬಂದಿತ್ತು. ಒಂದು ತಾನೇ ಎಂದು ಮುಂದುವರಿಸಿದೆ. ಹನ್ನೊಂದನೆಯ ಸುತ್ತಿನಲ್ಲಿ "3 ಸಾದಾ, 1 ಇಳಿಕೆ" ಆರನೆಯ ಸಲಕ್ಕೆ ಹೊಂದಲಿಲ್ಲ, ಕೊನೆಯಲ್ಲಿ ಒಂದು ಸ್ಟಿಚ್ ಕಡಿಮೆ ಬಿತ್ತು. ಅಲ್ಲಿ ಹೇಗೋ ಸರಿಮಾಡಿದೆ. ಹನ್ನೆರಡರಲ್ಲಿ ಮತ್ತೆ ತಪ್ಪಿತು. ಮುಗಿದಾಗ ತಲೆ ಒಂದು ಕಡೆ ವಾಲಿತ್ತು. ಅತ್ತಿಗೆ ಅದನ್ನು ತಿರುಗಿಸಿ ನೋಡಿ, "ತಪ್ಪು ಇಲ್ಲಲ್ಲ, ಕೆಳಗಿದೆ. ನಾಲ್ಕನೇ ಸುತ್ತಲ್ಲಿ ಒಂದು ಕಡೆ ಏರಿಸೋದು ಬಿಟ್ಟಿದ್ದೀಯ. ಅಲ್ಲೀತಂಕ ಬಿಚ್ಚು" ಎಂದರು. ನಾಲ್ಕನೆಯ ಸುತ್ತಿನಲ್ಲಿ 23 ಇತ್ತು, ನಾನು ಎಣಿಸಿರಲಿಲ್ಲ. ಎರಡು ಸಂಜೆಯ ಕೆಲಸವನ್ನು ಬಿಚ್ಚಿದೆ.

ಕುಚ್ಚು ಹಾಕುವಾಗಲೂ ಅವರು ಹೀಗೆಯೇ. ಮೊದಲು ಸೆರಗಿನ ಅಂಚಿನ ಅಗಲ ಅಳೆದು, ಒಂದು ವಿನ್ಯಾಸಕ್ಕೆ ಎಷ್ಟು ಜಾಗ ಬೇಕೆಂದು ಭಾಗಿಸಿ, ಶೇಷ ಉಳಿಯದಂತೆ ಹೊಂದಿಸಿಕೊಂಡೇ ಕಡ್ಡಿ ಹಿಡಿಯುತ್ತಾರೆ. ಅದನ್ನು ಇಷ್ಟು ವರ್ಷ ಪಕ್ಕದಲ್ಲೇ ಕೂತು ನೋಡಿದ್ದರೂ, ಬಿಎಸ್ಸಿಯಲ್ಲಿ ಗಣಿತ ಓದಿದ ನನಗೆ ಅದು ಲೆಕ್ಕ ಎಂದು ಹೊಳೆದಿರಲಿಲ್ಲ.

ರೂಪಣಾತ್ಮಕ ಮೌಲ್ಯಮಾಪನದ ಬಗ್ಗೆ ನಾವು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುತ್ತೇವೆ. ನನಗದು ಅರ್ಥವಾದದ್ದು ಈ 29ರ ತಲೆಯಿಂದ. ಪ್ರತಿ ಸುತ್ತಿನ ಕೊನೆಯಲ್ಲಿ ಎಣಿಸಿದರೆ ಬಿಚ್ಚಬೇಕಾದದ್ದು ಒಂದು ಸುತ್ತು. ಕೊನೆಯಲ್ಲಿ ಮಾತ್ರ ನೋಡಿದರೆ ಬಿಚ್ಚಬೇಕಾದದ್ದು ಇಡೀ ತಲೆ. ಹನ್ನೊಂದನೆಯ ಸುತ್ತಿನಲ್ಲಿ ಕಾಣುವ ತಪ್ಪು ಹನ್ನೊಂದನೆಯ ಸುತ್ತಿನದ್ದೇ ಆಗಿರಬೇಕಿಲ್ಲ. ಸಾಮಾನ್ಯ ವ್ಯತ್ಯಾಸ 6 ಎಂದು ಬರೆದ ಮಗುವಿನ ತೊಂದರೆ ಶ್ರೇಢಿಯಲ್ಲಿ ಇರಲಿಲ್ಲ. ಚಿಕ್ಕ ಸಂಖ್ಯೆಯಿಂದ ದೊಡ್ಡದನ್ನು ಕಳೆಯುವುದಕ್ಕೆ ಹಿಂಜರಿಯುವ, ಎಷ್ಟೋ ತರಗತಿ ಕೆಳಗೆ ಬಿಟ್ಟುಹೋದ ಒಂದು ಸ್ಟಿಚ್‌ನಲ್ಲಿತ್ತು.

ಎರಡನೆಯ ಪಾಠ

ಈ ಸಲ ಗೊಂಬೆಯನ್ನು ಬ್ಯಾಗಿನಲ್ಲೇ ಬಿಟ್ಟೆ. ತರಗತಿಯನ್ನು ನಾಲ್ಕು ಗುಂಪು ಮಾಡಿ, ಮೂರು ಗುಂಪಿಗೆ ಒಂದೊಂದು ಬಿಲ್ಲೆ, ನಾಲ್ಕನೆಯ ಗುಂಪಿಗೆ ಅರ್ಧ ತಲೆ ಕೊಟ್ಟೆ. ಒಂದೇ ಕೆಲಸ: ಒಂದೊಂದು ಸುತ್ತಿನಲ್ಲೂ ಎಷ್ಟು ಸ್ಟಿಚ್ ಇದೆ ಎಂದು ಎಣಿಸಿ ಬರೆಯಿರಿ. "ಪ್ರತಿ ಸುತ್ತಿನ ಸಂಖ್ಯೆಯೂ ಶ್ರೇಢಿಯ ಒಂದು ಪದ" ಎಂದು ಹೇಳಿ, ಹೋದ ಸಲ ಪ್ರಶ್ನೆ ಕೇಳಿದ ಹುಡುಗನ ಕಡೆ ನೋಡಿದೆ. ಅವನು ತಲೆಯಾಡಿಸಿದ.

ಮೊದಲ ಹತ್ತು ನಿಮಿಷ ಗದ್ದಲ. ಸುತ್ತು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಯಾರಿಗೂ ತಿಳಿಯಲಿಲ್ಲ. ಪಿನ್ನು ಹಾಕದೆ ತಂದದ್ದು ನನ್ನ ತಪ್ಪು. "ಇದು ಹುಡುಗೀರ ಕೆಲಸ ಸರ್" ಎಂದು ಎರಡು ಮೂರು ಹುಡುಗರು ಕೈಕಟ್ಟಿ ಕೂತರು. "ನಾನು ಹುಡುಗೀನಾ?" ಎಂದಾಗ ನಕ್ಕು ಬಿಲ್ಲೆಗೆ ಕೈಹಾಕಿದರು. ಒಬ್ಬಳು ಹುಡುಗಿ, "ನಮ್ಮಮ್ಮ ಕುಚ್ಚು ಹಾಕ್ತಾರೆ ಸರ್, ಜಡೆ ಥರ ಕಾಣುತ್ತಲ್ಲ, ಅದನ್ನ ಎಣಿಸಬೇಕು" ಎಂದು ಎಲ್ಲ ಗುಂಪಿಗೂ ತೋರಿಸಿಕೊಟ್ಟಳು. ಆಮೇಲೆ ಎಣಿಕೆ ನಡೆಯಿತು.

ಮೂರು ಗುಂಪಿನ ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು, ಬಿಲ್ಲೆಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, "ಹತ್ತನೆಯ ಸುತ್ತು ಹೆಣೆದರೆ ಎಷ್ಟು?" ಎಂದು ಕೇಳಿದೆ. 40, 60, 90 ತಕ್ಷಣ ಬಂತು. "ಮೊದಲ ಪದವೂ ವ್ಯತ್ಯಾಸವೂ ಒಂದೇ ಆಗಿದ್ದರಿಂದ ಸುಲಭವಾಯಿತು, ಹಾಗಿಲ್ಲದಿದ್ದರೆ?" ಎಂದು ಕೇಳಿ ಸಾಮಾನ್ಯ ಸೂತ್ರದ ಕಡೆಗೆ ಹೋದೆ. ಹತ್ತನೆಯ ಸುತ್ತಿಗೆ ಏರಿಕೆ ಆಗುವುದು ಒಂಬತ್ತೇ ಸಲ ಎಂದು ಅವರೇ ಹೇಳಿದರು. ಪದಗಳ ಸಂಖ್ಯೆಯಿಂದ ಒಂದನ್ನು ಏಕೆ ಕಳೆಯುತ್ತೇವೆ ಎಂಬುದನ್ನು ಹಿಂದಿನ ಪಾಠದಲ್ಲಿ ಎರಡು ಸಲ ವಿವರಿಸಿದ್ದೆ. ಈ ಸಲ ವಿವರಿಸಬೇಕಾಗಲಿಲ್ಲ.

ನಾನು ಯೋಜಿಸದ ಒಂದು ಮಾತು ಆರರ ಬಿಲ್ಲೆಯ ಗುಂಪಿನಿಂದ ಬಂತು: "ಸರ್, ಇದು ವೃತ್ತ ಅಲ್ಲ, ಆರು ಮೂಲೆ ಇದೆ." ನೋಡಿದರೆ ನಿಜ. ಏರಿಕೆಗಳು ಒಂದರ ಮೇಲೊಂದು ಬಿದ್ದು ಬಿಲ್ಲೆ ಷಡ್ಭುಜವಾಗಿತ್ತು. (ಬೇಡವೆಂದರೆ ಸುತ್ತಿನಿಂದ ಸುತ್ತಿಗೆ ಏರಿಕೆಯ ಜಾಗ ಬದಲಿಸಬೇಕು.) ಅದನ್ನೇ ಹಿಡಿದು ನಡುವಿನಿಂದ ಮೂಲೆಗೆ ಸೀಮೆಸುಣ್ಣದಿಂದ ಗೆರೆ ಎಳೆದಾಗ ಆರು ತ್ರಿಭುಜಗಳಾದವು. ಒಂದೊಂದು ತ್ರಿಭುಜದಲ್ಲೂ 1, 2, 3, 4, 5 ಸ್ಟಿಚ್. ಒಟ್ಟು 15, ಆರು ತ್ರಿಭುಜಕ್ಕೆ 90. ಮೊತ್ತದ ಸೂತ್ರ ಮುಂದಿನ ವಾರದ ಪಾಠವಾಗಿತ್ತು, ಅದರ ಬಾಗಿಲು ಅಂದೇ ತೆರೆಯಿತು.

ಕೊನೆಗೆ ಅರ್ಧ ತಲೆಯ ಗುಂಪು ಎದ್ದಿತು. "6, 12, 18, 24, 30, ಆಮೇಲೆ ಬರೀ 30 ಸರ್. ಮುಂದೆ ಲೆಕ್ಕ ನಿಂತುಹೋಗಿದೆ" ಎಂದರು. "ನಿಂತಿದೆಯೋ, ನಡೀತಿದೆಯೋ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ 'ಪದ ಎಲ್ಲಿದೆ' ಎಂದಿದ್ದ ಹುಡುಗ, ಗೋಡೆಯ ಭಾಗವನ್ನು ಬೆರಳಿನಿಂದ ಸವರುತ್ತ, "ವ್ಯತ್ಯಾಸ ಸೊನ್ನೆ ಆದ್ರೆ ಗೋಡೆ ಸರ್" ಎಂದ. "ಹಾಗಾದರೆ ಮುಚ್ಚಬೇಕಾದರೆ?" ಎಂದೆ. "ಮೈನಸ್" ಎಂದು ಮೂರು ಗುಂಪುಗಳಿಂದ ಒಟ್ಟಿಗೇ ಬಂತು.

ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಎಣಿಕೆಗೆ ಸಮಯ ಹೋಗಿ ಅಭ್ಯಾಸದ ಲೆಕ್ಕಗಳಿಗೆ ಹೊತ್ತು ಸಾಲಲಿಲ್ಲ. ಒಂಬತ್ತರ ಬಿಲ್ಲೆಯ ನೆರಿಗೆಗಳಲ್ಲಿ ಎಣಿಸುವುದು ಕಷ್ಟವಾಗಿ ಆ ಗುಂಪಿನ ಕೆಲವರು ಪಕ್ಕದವರ ಉತ್ತರ ನೋಡಿ ಊಹಿಸಿ ಬರೆದರು. ಕೊನೆಯಲ್ಲಿ ಹಳೆಯ ಎರಡು ಪ್ರಶ್ನೆಗಳನ್ನೇ ಮತ್ತೆ ಕೊಟ್ಟಾಗ ಹೆಚ್ಚಿನವರು ಎರಡನ್ನೂ ಸರಿಯಾಗಿ ಬರೆದರು. ಒಂದಿಬ್ಬರು ಆಗಲೂ 6 ಎಂದೇ ಬರೆದರು. ಅವರೊಂದಿಗೆ ಕುಳಿತು ಪೂರ್ಣಾಂಕಗಳ ಕಳೆಯುವಿಕೆಯಿಂದ ಶುರುಮಾಡಬೇಕಿತ್ತು. ನನ್ನ ಅಭ್ಯಾಸದ ಅವಧಿಯಲ್ಲಿ ಅದಕ್ಕೆ ಎರಡೇ ದಿನ ಸಿಕ್ಕಿತು.

ಇನ್ನೂ ಮುಂದಕ್ಕೆ

ಕುತೂಹಲವಿರುವ ಮಕ್ಕಳಿಗೆ ಒಂಬತ್ತರ ಬಿಲ್ಲೆಯಿಂದ ಇನ್ನೊಂದು ದಾರಿಯಿದೆ. ಪ್ರತಿ ಸುತ್ತಿಗೂ ಇಂತಿಷ್ಟೇ ಎಂದು ಏರಿಸದೆ, ಇಂತಿಷ್ಟು ಸ್ಟಿಚ್‌ಗೆ ಒಂದರಂತೆ ಏರಿಸುತ್ತ ಹೋದರೆ ಸುತ್ತುಗಳು ಗುಣೋತ್ತರ ಶ್ರೇಢಿಯಂತೆ ಬೆಳೆಯುತ್ತವೆ, ನೆರಿಗೆ ವಿಪರೀತವಾಗುತ್ತದೆ. ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ ಅವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1997ರಲ್ಲಿ ಹೀಗೆ ಹೆಣೆದೇ ಹೈಪರ್ಬೋಲಿಕ್ ಸಮತಲದ ಮಾದರಿಗಳನ್ನು ಮಾಡಿದರು. ಅದಕ್ಕೂ ಮೊದಲಿನ ಕಾಗದದ ಮಾದರಿಗಳು ಮುಟ್ಟಿದರೆ ಹರಿಯುತ್ತಿದ್ದವು. ಕ್ರೋಶಾದ್ದನ್ನು ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ಮಡಚಿ ನೋಡಬಹುದಾಗಿತ್ತು.

1937ರ ವಾರ್ಧಾ ಸಮ್ಮೇಳನ, ಜಾಕಿರ್ ಹುಸೇನ್ ಸಮಿತಿ, ಮೂಲ ಶಿಕ್ಷಣ ಇವನ್ನೆಲ್ಲ ನಾವು ಟಿಪ್ಪಣಿ ಮಾಡಿಕೊಂಡು ಓದಿದ್ದೇವೆ. ಕೈಕಸುಬು ಒಂದು ಹೆಚ್ಚುವರಿ ವಿಷಯವಾಗಿರದೆ ಉಳಿದ ವಿಷಯಗಳನ್ನು ಕಲಿಯುವ ಮಾಧ್ಯಮವಾಗಬೇಕು ಎಂಬುದು ಅಲ್ಲಿನ ಮುಖ್ಯ ಮಾತು. ನನ್ನ ಮೊದಲ ಪಾಠದಲ್ಲಿ ಕಸುಬು ಐದು ನಿಮಿಷದ ಅಲಂಕಾರವಾಗಿತ್ತು. ನಮ್ಮ ಬಹುಪಾಲು ಪಾಠೋಪಕರಣಗಳ ಕಥೆ ಇದೇ. ರಾತ್ರಿ ಕೂತು ಥರ್ಮಾಕೋಲ್ ಕತ್ತರಿಸುತ್ತೇವೆ, ಬಣ್ಣ ಬಳಿಯುತ್ತೇವೆ, ಮೂರು ನಿಮಿಷ ತೋರಿಸುತ್ತೇವೆ, ಅಂಕ ಬರುತ್ತದೆ, ಕಪಾಟು ಸೇರುತ್ತದೆ. ಕಲಿಯುವ ಕೆಲಸವೆಲ್ಲ ರಾತ್ರಿ ನಮ್ಮ ಕೈಯಲ್ಲೇ ಮುಗಿದಿರುತ್ತದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸಲಹೆಗಳು

ಈ ಪಾಠ ಮಾಡಬಯಸುವವರು ಗೊಂಬೆಯನ್ನು ಮುಗಿಸಿ ಒಯ್ಯಬೇಡಿ, ಹತ್ತನೆಯ ಸುತ್ತಿಗೆ ನಿಲ್ಲಿಸಿ. ಒಂದು ಸುತ್ತಿಗೊಂದು ಬಣ್ಣದ ದಾರ ಬಳಸಿ, ಎಣಿಕೆಯ ಹತ್ತು ನಿಮಿಷ ಉಳಿಯುತ್ತದೆ. ಸುತ್ತಿನ ಆರಂಭಕ್ಕೆ ಪಿನ್ನು ಹಾಕಲು ಮರೆಯಬೇಡಿ. ಹೆಚ್ಚಿನ ಏರಿಕೆಯ ಬಿಲ್ಲೆಗೆ 9ರ ಬದಲು 8 ಸಾಕು, ನೆರಿಗೆಯೂ ಬರುತ್ತದೆ, ಎಣಿಸಲೂ ಬರುತ್ತದೆ. ಬೇಕೆಂದೇ ಒಂದು ಏರಿಕೆ ಬಿಟ್ಟ ಬಿಲ್ಲೆಯೊಂದನ್ನು ಕೊಟ್ಟು ತಪ್ಪು ಯಾವ ಸುತ್ತಿನಲ್ಲಿದೆ ಎಂದು ಹುಡುಕಿಸಬಹುದು. ಮುಂದಿನ ಸಲ ನಾನು ಅದನ್ನು ಮಾಡಬೇಕೆಂದಿದ್ದೇನೆ. ಹೆಣೆಯಲು ಬಾರದವರು ಊರಿನಲ್ಲಿ ಕುಚ್ಚು ಹಾಕುವವರ ಬಳಿ ಎರಡು ಸಂಜೆ ಕುಳಿತರೆ ಬಿಲ್ಲೆ ಹೆಣೆಯುವಷ್ಟು ಬರುತ್ತದೆ. ಸಾಧ್ಯವಾದರೆ ಅವರನ್ನೇ ಒಂದು ಅವಧಿಗೆ ತರಗತಿಗೆ ಕರೆತನ್ನಿ.

ಅರ್ಧ ತಲೆ ಈಗಲೂ ಆ ಶಾಲೆಯ ಗಣಿತದ ಕಪಾಟಿನಲ್ಲಿದೆ. ಹತ್ತನೆಯ ಸುತ್ತಿನ ಕೊನೆಯ ಕುಣಿಕೆಗೆ ಪಿನ್ನು ಹಾಕಿ, ದಾರದುಂಡೆಯನ್ನೂ ಕಡ್ಡಿಯನ್ನೂ ಜೊತೆಗಿಟ್ಟು ಬಂದಿದ್ದೇನೆ. ಮುಂದಿನ ನಾಲ್ಕು ಸುತ್ತನ್ನು ಆ ಹುಡುಗಿ ಹೆಣೆಯುತ್ತೇನೆ ಎಂದಿದ್ದಳು. ಉಳಿದವರು ಎಣಿಸುತ್ತೇವೆ ಎಂದಿದ್ದರು.